ನಿಲ್ಲಿಸಿದ ಅಣುವಿದ್ಯುತ್ ಸ್ಥಾವರಕ್ಕೂ ನೀರು ಏಕೆ ಬೇಕು?



ಕಳೆದ ಒಕ್ಕೂಟದ ಸಭೆಯಲ್ಲಿ ಉಳಿತಾಯ, ಸಾಲದ ಕಂತು, ಬ್ಯಾಂಕಿನ ವಿಷಯ ಎಲ್ಲ ಮುಗಿದ ಮೇಲೆ ಒಬ್ಬ ಸದಸ್ಯೆ ಎದ್ದು ನಿಂತು ಕೇಳಿದರು: "ಸಿಸ್ಟರ್, ಉಕ್ರೇನ್ ದೇಶದಲ್ಲಿ ಒಂದು ಅಣು ಸ್ಥಾವರ ಬಂದ್ ಮಾಡಿ ವರ್ಷಗಳೇ ಆದವಂತೆ. ಆದ್ರೂ ಅಲ್ಲಿ ಕರೆಂಟ್ ಹೋಯ್ತು, ಅಪಾಯ ಅಂತ ಟಿ.ವಿ.ಯಲ್ಲಿ ಹೇಳ್ತಾರಲ್ಲ. ಕರೆಂಟ್ ಮಾಡುವ ಜಾಗಕ್ಕೇ ಕರೆಂಟ್ ಬೇಕಾ? ಬಂದ್ ಮಾಡಿದ ಮೇಲೆ ಇನ್ನೇನು ಭಯ?"

ಎಲ್ಲರೂ ನಕ್ಕರು. ಆದರೆ ಇದು ನಗುವ ಪ್ರಶ್ನೆ ಅಲ್ಲ, ತುಂಬಾ ಒಳ್ಳೆಯ ಪ್ರಶ್ನೆ. ನಮ್ಮದೇ ಜಿಲ್ಲೆಯಲ್ಲಿ ಕಾಳಿ ನದಿಯ ದಡದಲ್ಲಿ ಕೈಗಾ ಸ್ಥಾವರ ಇದೆ. ಅದರ ಬಗ್ಗೆ ನಾವು ಎರಡೇ ಮಾತು ಕೇಳಿದ್ದೇವೆ. ಒಂದು, "ಏನೂ ಆಗಲ್ಲ, ಸುಮ್ಮನಿರಿ." ಇನ್ನೊಂದು, "ಎಲ್ಲರೂ ಸತ್ತೇ ಹೋಗ್ತೀರಿ." ಎರಡೂ ನಮಗೆ ಉಪಯೋಗಕ್ಕೆ ಬರುವ ಮಾತಲ್ಲ. ವಿಷಯ ತಿಳಿದುಕೊಂಡರೆ ಸರಿಯಾದ ಪ್ರಶ್ನೆ ಕೇಳಬಹುದು, ಸರಿಯಾದ ತಯಾರಿ ಮಾಡಿಕೊಳ್ಳಬಹುದು. ಅದಕ್ಕಾಗಿ ಈ ಲೇಖನ.

ಸ್ಥಾವರದ ಒಳಗೆ ಏನಿದೆ?

ಅಣುವಿದ್ಯುತ್ ಸ್ಥಾವರ ಅಂದ್ರೆ ಮೂಲದಲ್ಲಿ ಒಂದು ದೊಡ್ಡ ಹಂಡೆ ಒಲೆ. ಕಟ್ಟಿಗೆಯ ಬದಲು ಯುರೇನಿಯಂ ಇಂಧನ. ಯುರೇನಿಯಂ ಪರಮಾಣು ಒಡೆದಾಗ ಶಾಖ ಬರುತ್ತದೆ. ಆ ಶಾಖದಿಂದ ನೀರು ಕುದಿದು ಹಬೆಯಾಗುತ್ತದೆ. ಹಬೆ ಟರ್ಬೈನ್ ಎಂಬ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಚಕ್ರ ತಿರುಗಿದರೆ ವಿದ್ಯುತ್. ಅಷ್ಟೇ.

ಕೈಗಾದ ಮೊದಲ ನಾಲ್ಕು ಘಟಕಗಳೂ ತಲಾ 220 ಮೆಗಾವಾಟ್ ವಿದ್ಯುತ್ ಕೊಡುವಂಥವು. ಮೊದಲ ಎರಡು 2000ನೇ ಇಸವಿಯಲ್ಲಿ ಶುರುವಾದವು, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ. 220 ಮೆಗಾವಾಟ್ ವಿದ್ಯುತ್ ಬರಬೇಕಾದರೆ ಒಳಗಿನ ಒಲೆ ಸುಮಾರು 750 ಮೆಗಾವಾಟ್ ಶಾಖ ಕೊಡಬೇಕು. ಉಳಿದ ಶಾಖವನ್ನು ನೀರು ಹೊತ್ತುಕೊಂಡು ಹೋಗುತ್ತದೆ. ಅದಕ್ಕೇ ಇಂಥ ಸ್ಥಾವರಗಳು ಸಾಮಾನ್ಯವಾಗಿ ನದಿ, ಸಮುದ್ರ ಅಥವಾ ಜಲಾಶಯದ ಪಕ್ಕದಲ್ಲಿ ಇರುತ್ತವೆ. ಕೈಗಾಕ್ಕೆ ಕದ್ರಾ ಜಲಾಶಯದ ನೀರು.

ಬಂದ್ ಮಾಡಿದರೆ ಒಲೆ ಆರುವುದಿಲ್ಲವೇ?

ಪರಮಾಣು ಒಡೆಯುವ ಕೆಲಸ ನಿಲ್ಲುತ್ತದೆ. ತಡೆ ಸಲಾಕೆಗಳನ್ನು ಒಳಗೆ ಇಳಿಸಿದರೆ ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತದೆ. ಇದರಲ್ಲಿ ಮೋಸವಿಲ್ಲ.

ಆದರೆ ಯುರೇನಿಯಂ ಒಡೆದಾಗ ಹುಟ್ಟಿದ ಚೂರುಗಳು ಇಂಧನದ ಒಳಗೇ ಇರುತ್ತವೆ. ಅವು ತಮ್ಮಷ್ಟಕ್ಕೇ ಶಾಖ ಬಿಡುತ್ತಲೇ ಇರುತ್ತವೆ. ಅದನ್ನು ನಿಲ್ಲಿಸುವ ಯಾವ ಸ್ವಿಚ್ಚೂ ಇಲ್ಲ. ಕಾಲ ಕಳೆದಂತೆ ತಾನಾಗಿ ಕಡಿಮೆಯಾಗಬೇಕು, ಅಷ್ಟೇ.

ನಮಗೆ ಗೊತ್ತಿರುವ ಉದಾಹರಣೆ ಹೇಳ್ತೇನೆ. ಗ್ಯಾಸ್ ಬಂದ್ ಮಾಡಿದ ಮೇಲೂ ಕುಕ್ಕರ್ ಬಿಸಿ ಇರ್ತದಲ್ಲ, ಹಾಗೇ ಅಂತ ಕೆಲವರು ಹೇಳ್ತಾರೆ. ಅದು ಅರ್ಧ ಸರಿ. ಕುಕ್ಕರಿನಲ್ಲಿ ಇರುವುದು ಹಳೆಯ ಬಿಸಿ, ಹೊಸ ಬಿಸಿ ಹುಟ್ಟುವುದಿಲ್ಲ. ಅಣು ಇಂಧನ ಹಾಗಲ್ಲ. ಅದು ಹಸಿ ಹುಲ್ಲಿನ ಬಣವೆಯ ಹಾಗೆ. ಸರಿಯಾಗಿ ಒಣಗಿಸದೆ ಹುಲ್ಲನ್ನು ಒಟ್ಟಿದರೆ ಒಳಗೊಳಗೇ ಬಿಸಿ ಹುಟ್ಟುತ್ತದೆ. ಯಾರೂ ಬೆಂಕಿ ಕೊಡಬೇಕಾಗಿಲ್ಲ. ಗಾಳಿ ಆಡಿಸಿ ಆ ಬಿಸಿಯನ್ನು ಹೊರಗೆ ಬಿಡದಿದ್ದರೆ ಒಂದು ದಿನ ಬಣವೆಯೇ ಹೊತ್ತಿಕೊಳ್ಳುತ್ತದೆ.

ಈ ಶಾಖ ಎಷ್ಟು ಅಂತ ಒಂದು ಅಂದಾಜು ನೋಡೋಣ. ಸ್ಥಾವರ ನಿಲ್ಲಿಸಿದ ಕ್ಷಣದಲ್ಲಿ ಪೂರ್ಣ ಶಾಖದ ಶೇಕಡಾ 6ರಷ್ಟು ಉಳಿದಿರುತ್ತದೆ. ಒಂದು ಗಂಟೆಯ ನಂತರ ಸುಮಾರು ಶೇಕಡಾ ಒಂದೂವರೆ. ಒಂದು ದಿನದ ನಂತರ ಸುಮಾರು ಶೇಕಡಾ ಅರ್ಧ. ಶೇಕಡಾ ಅರ್ಧ ಅಂದ್ರೆ ಕಮ್ಮಿ ಅನ್ನಿಸ್ತದೆ ಅಲ್ವಾ? ಕೈಗಾದಂಥ ಒಂದು ಘಟಕದಲ್ಲಿ ಶೇಕಡಾ ಅರ್ಧ ಅಂದ್ರೆ ಸುಮಾರು 3,750 ಕಿಲೋವಾಟ್. ಮನೆಯಲ್ಲಿ ಬಳಸುವ ಇಂಡಕ್ಷನ್ ಒಲೆ 2 ಕಿಲೋವಾಟ್ ಇರುತ್ತದೆ. ಹಾಗಾದರೆ ನಿಲ್ಲಿಸಿ ಒಂದು ದಿನವಾದ ಮೇಲೂ ಹತ್ತಿರ ಹತ್ತಿರ 1,900 ಇಂಡಕ್ಷನ್ ಒಲೆಗಳು ಒಂದೇ ಕಡೆ ಹಗಲೂ ರಾತ್ರಿ ಉರಿದಂತೆ. ಈ ಶಾಖವನ್ನು ನೀರು ಕುದಿಸಿಯೇ ಹೊರಗೆ ಹಾಕಬೇಕಾದರೆ ಗಂಟೆಗೆ ಸುಮಾರು 5,000 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ನಮ್ಮ ಊರಿಗೆ ಬರುವ ನೀರಿನ ಟ್ಯಾಂಕರ್ ನೆನಪಿಸಿಕೊಳ್ಳಿ. ಗಂಟೆಗೊಂದು ಟ್ಯಾಂಕರ್!

ದಿನ ಕಳೆದಂತೆ ಈ ಲೆಕ್ಕ ಇಳಿಯುತ್ತಾ ಹೋಗುತ್ತದೆ. ತಿಂಗಳುಗಳಾದ ಮೇಲೆ ಬಹಳ ಕಡಿಮೆಯಾಗುತ್ತದೆ. ಆದರೆ ವರ್ಷವಾದರೂ ಪೂರ್ತಿ ಸೊನ್ನೆ ಆಗುವುದಿಲ್ಲ. ಅದಕ್ಕೇ ಹೊರಗೆ ತೆಗೆದ ಹಳೆಯ ಇಂಧನವನ್ನೂ ಆಳವಾದ ನೀರಿನ ಕೊಳದಲ್ಲಿ ವರ್ಷಗಟ್ಟಲೆ ಮುಳುಗಿಸಿ ಇಡುತ್ತಾರೆ.

ಕರೆಂಟ್ ಮಾಡುವ ಜಾಗಕ್ಕೆ ಕರೆಂಟ್ ಯಾಕೆ?

ನೀರು ತಾನಾಗಿ ಸುತ್ತುವುದಿಲ್ಲ, ಪಂಪು ಬೇಕು. ಪಂಪಿಗೆ ಕರೆಂಟ್ ಬೇಕು. ಸ್ಥಾವರ ನಿಂತಿದ್ದರೆ ತಾನೇ ಕರೆಂಟ್ ಮಾಡುತ್ತಿಲ್ಲ, ಆದ್ದರಿಂದ ಹೊರಗಿನ ಲೈನಿನಿಂದ ಬರಬೇಕು. ಹೊರಗಿನ ಲೈನೂ ಹೋದರೆ ಡೀಸೆಲ್ ಜನರೇಟರ್. ಜನರೇಟರ್ ಶುರುವಾಗುವ ತನಕ, ಮತ್ತು ದೀಪ ಹಾಗೂ ಮೀಟರುಗಳಿಗೆ, ಬ್ಯಾಟರಿ. ಹೀಗೆ ಒಂದರ ಹಿಂದೆ ಒಂದು ಆಸರೆ.

ಈ ಆಸರೆಗಳೆಲ್ಲ ಒಟ್ಟಿಗೆ ಬಿದ್ದರೆ? ನೀರಿನ ಹರಿವು ನಿಲ್ಲುತ್ತದೆ. ಇದ್ದ ನೀರು ಬಿಸಿಯಾಗಿ ಕುದಿದು ಆವಿಯಾಗುತ್ತದೆ. ನೀರಿನ ಮಟ್ಟ ಇಳಿದು ಇಂಧನ ಹೊರಗೆ ಕಾಣಿಸಿಕೊಂಡರೆ ಅದರ ಮೇಲಿನ ಲೋಹದ ಕವಚ ಹಬೆಯ ಜೊತೆ ಸೇರಿ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಅದು ಸಿಡಿಯುವ ಅನಿಲ. ಕೊನೆಗೆ ಇಂಧನವೇ ಕರಗಬಹುದು. ಒಳಗೆ ಬಂಧಿಸಿಟ್ಟ ವಿಕಿರಣ ವಸ್ತು ಹೊರಗೆ ಬರಬಹುದು. ಇಷ್ಟೆಲ್ಲ ಆಗುವುದು ಸ್ಥಾವರ "ಬಂದ್" ಆದ ಮೇಲೆಯೇ.

ಇದು ಬರೀ ಪುಸ್ತಕದ ಮಾತಲ್ಲ. ನಡೆದ ನಾಲ್ಕು ಸಂಗತಿ ಹೇಳುತ್ತೇನೆ. ಮೊದಲನೆಯದು ನಮ್ಮ ದೇಶದ್ದೇ.

ನರೋರಾ, 1993

ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯಲ್ಲಿ ಗಂಗಾ ನದಿಯ ದಡದಲ್ಲಿ ನರೋರಾ ಸ್ಥಾವರ ಇದೆ. ಅದೂ ಕೈಗಾದ ಜಾತಿಯದೇ, 220 ಮೆಗಾವಾಟ್, ಭಾರಜಲದ ಮಾದರಿ. 1993ರ ಮಾರ್ಚ್ 31ರ ನಸುಕಿನಲ್ಲಿ, ಗಂಟೆ ಮೂರೂವರೆ, ಅಲ್ಲಿನ ಒಂದನೇ ಘಟಕದಲ್ಲಿ ಟರ್ಬೈನ್ ಚಕ್ರದ ಎರಡು ಎಲೆಗಳು ಮುರಿದು ಹಾರಿದವು. ಚಕ್ರ ಗಡಗಡ ನಡುಗಿ, ಜನರೇಟರಿನಲ್ಲಿದ್ದ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ಸಿಬ್ಬಂದಿ ಒಂದು ನಿಮಿಷದೊಳಗೆ ಅಣು ಒಲೆಯನ್ನು ನಿಲ್ಲಿಸಿದರು. ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಬೆಂಕಿ ವಯರುಗಳ ದಾರಿಗೆ ಹಬ್ಬಿತು. ಮುಖ್ಯ ವಯರು ಮತ್ತು ಅದು ಕೆಟ್ಟರೆ ಇರಲಿ ಎಂದು ಹಾಕಿದ್ದ ಬದಲಿ ವಯರು, ಎರಡನ್ನೂ ಒಂದೇ ದಾರಿಯಲ್ಲಿ ಎಳೆದಿದ್ದರು. ನಡುವೆ ಬೆಂಕಿ ತಡೆಯುವ ಗೋಡೆ ಇರಲಿಲ್ಲ. ಎರಡೂ ಒಟ್ಟಿಗೆ ಸುಟ್ಟುಹೋದವು. ಮನೆಯ ಬೀಗದ ಕೈಯನ್ನೂ ಅದರ ನಕಲಿ ಕೈಯನ್ನೂ ಒಂದೇ ಗೊಂಚಲಲ್ಲಿ ಕಟ್ಟಿಟ್ಟ ಹಾಗೆ. ಗೊಂಚಲು ಕಳೆದರೆ ಎರಡೂ ಹೋಯಿತು. ಹತ್ತು ನಿಮಿಷದೊಳಗೆ ಇಡೀ ಘಟಕ ಕತ್ತಲಾಯಿತು. ಡೀಸೆಲ್ ಜನರೇಟರ್ ಇದ್ದೂ ಅದರ ಕರೆಂಟ್ ಪಂಪಿಗೆ ತಲುಪುವ ದಾರಿಯೇ ಇರಲಿಲ್ಲ. ಹೊಗೆ ತುಂಬಿ ನಿಯಂತ್ರಣ ಕೊಠಡಿಯಿಂದ ಸಿಬ್ಬಂದಿ ಹೊರಗೆ ಬರಬೇಕಾಯಿತು.

ಆಗ ಉಳಿಸಿದ್ದು ಎರಡು ಕೆಲಸ. ಕೆಲವರು ಕೈಯಲ್ಲಿ ಬ್ಯಾಟರಿ ದೀಪ ಹಿಡಿದು ಕತ್ತಲಲ್ಲಿ ಕಟ್ಟಡದ ಮೇಲೆ ಹತ್ತಿ, ಕೈಯಿಂದಲೇ ವಾಲ್ವ್ ತಿರುಗಿಸಿ ಬೋರಾನ್ ದ್ರಾವಣವನ್ನು ಒಳಗೆ ಬಿಟ್ಟರು. ಪರಮಾಣು ಒಡೆಯುವ ಕ್ರಿಯೆ ಮತ್ತೆ ಹೊತ್ತಿಕೊಳ್ಳದ ಹಾಗೆ ಅದು ತಡೆಯುತ್ತದೆ. ಇನ್ನು ಕೆಲವರು ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪುಗಳನ್ನು ಶುರುಮಾಡಿ, ಆ ನೀರನ್ನು ಹಬೆ ಮಾಡುವ ದೊಡ್ಡ ಪಾತ್ರೆಗಳಿಗೆ ಕೊಟ್ಟರು. ಈ ಪಂಪುಗಳಿಗೆ ಕರೆಂಟ್ ಬೇಡ, ಸ್ವಂತ ಡೀಸೆಲ್ ಇಂಜಿನ್.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮ ಮನೆಗಳ ಮೇಲೆ ಸೋಲಾರ್ ವಾಟರ್ ಹೀಟರ್ ಇರುತ್ತದಲ್ಲ, ಹೆಚ್ಚಿನವುಗಳಲ್ಲಿ ಪಂಪಿಲ್ಲ. ಬಿಸಿಯಾದ ನೀರು ಮೇಲೆ ಏರುತ್ತದೆ, ತಣ್ಣನೆಯದು ಕೆಳಗೆ ಬರುತ್ತದೆ, ತಾನೇ ಸುತ್ತುತ್ತದೆ. ನರೋರಾದ ಒಲೆಯಲ್ಲೂ ಪಂಪು ನಿಂತ ಮೇಲೆ ಒಳಗಿನ ನೀರು ಹೀಗೇ ಸುತ್ತಿತು. ಆದರೆ ಮೇಲಿನ ಪಾತ್ರೆಯಲ್ಲಿ ಯಾರಾದರೂ ಆ ಬಿಸಿಯನ್ನು ತೆಗೆಯಬೇಕಲ್ಲ? ಆ ಕೆಲಸವನ್ನು ಬೆಂಕಿ ಆರಿಸುವ ನೀರು ಮಾಡಿತು.

ಸುಮಾರು 17 ಗಂಟೆ ಘಟಕ ಕರೆಂಟ್ ಇಲ್ಲದೆ ಕಳೆಯಿತು. ಇಂಧನ ಕರಗಲಿಲ್ಲ, ಹೊರಗೆ ವಿಕಿರಣ ಸೋರಲಿಲ್ಲ. ಇಂಥ ಘಟನೆಗಳನ್ನು ಅಳೆಯುವ 7 ಮೆಟ್ಟಿಲಿನ ಅಂತರರಾಷ್ಟ್ರೀಯ ಅಳತೆಯಲ್ಲಿ ಇದನ್ನು 3ನೇ ಮೆಟ್ಟಿಲಿಗೆ ಹಾಕಿದರು. ಅಂದು ಕತ್ತಲಲ್ಲಿ ದುಡಿದವರ ಧೈರ್ಯವನ್ನು ನಾವು ನೆನೆಯಬೇಕು. ಆದರೆ ಎರಡು ವಯರನ್ನು ಬೇರೆ ಬೇರೆ ದಾರಿಯಲ್ಲಿ ಎಳೆದಿದ್ದರೆ ಆ ಧೈರ್ಯದ ಅಗತ್ಯವೇ ಬರುತ್ತಿರಲಿಲ್ಲ, ಅದನ್ನೂ ನೆನೆಯಬೇಕು.

ಫುಕುಶಿಮಾ, 2011

ಜಪಾನಿನ ಕಥೆ ನಿಮಗೆ ಸ್ವಲ್ಪ ಗೊತ್ತಿದೆ. 2011ರ ಮಾರ್ಚ್ 11ರಂದು ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ದೊಡ್ಡ ಭೂಕಂಪ ಆಯಿತು. ಫುಕುಶಿಮಾ ದಾಯಿಚಿ ಸ್ಥಾವರದಲ್ಲಿ ನಡೆಯುತ್ತಿದ್ದ 1, 2 ಮತ್ತು 3ನೇ ಘಟಕಗಳು ತಾವಾಗಿಯೇ ನಿಂತವು. ಹೊರಗಿನ ಕರೆಂಟ್ ಹೋಯಿತು, ಡೀಸೆಲ್ ಜನರೇಟರುಗಳು ಶುರುವಾದವು. ಎಲ್ಲವೂ ಲೆಕ್ಕದ ಪ್ರಕಾರ ನಡೆಯಿತು. ಸುಮಾರು 50 ನಿಮಿಷದ ನಂತರ ಸುನಾಮಿ ಅಲೆ ಬಂತು. ಹೆಚ್ಚಿನ ಜನರೇಟರುಗಳು ಮತ್ತು ಸ್ವಿಚ್‌ಬೋರ್ಡುಗಳು ನೆಲಮಾಳಿಗೆಯಲ್ಲಿ ಇದ್ದವು. ನೀರು ನುಗ್ಗಿ ಎಲ್ಲ ಸತ್ತವು. ಮುಂದಿನ ದಿನಗಳಲ್ಲಿ ಮೂರು ಘಟಕಗಳ ಇಂಧನ ಕರಗಿತು, ಹೈಡ್ರೋಜನ್ ಸಿಡಿಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು. ಅಳತೆಯಲ್ಲಿ ಇದು 7ನೇ ಮೆಟ್ಟಿಲು, ಕೊನೆಯದು.

ಆದರೆ ಪತ್ರಿಕೆಗಳಲ್ಲಿ ಕಡಿಮೆ ಬಂದ ಇನ್ನೊಂದು ಕಥೆ ಇದೆ. ಅಲ್ಲೇ 5 ಮತ್ತು 6ನೇ ಘಟಕಗಳೂ ಇದ್ದವು. ಐದನೆಯದನ್ನು ಎರಡು ತಿಂಗಳ ಹಿಂದೆ, ಆರನೆಯದನ್ನು ಏಳು ತಿಂಗಳ ಹಿಂದೆ ತಪಾಸಣೆಗಾಗಿ ನಿಲ್ಲಿಸಿದ್ದರು. ಬಂದ್ ಆಗಿದ್ದ ಘಟಕಗಳು! ಆದರೂ ಅಲೆ ಬಂದು ಸಮುದ್ರದ ನೀರು ಎತ್ತುವ ಪಂಪುಗಳು ಹಾಳಾದಾಗ ಅವೂ ಬಿಸಿಯಾಗತೊಡಗಿದವು. ಅವುಗಳನ್ನು ಉಳಿಸಿದ್ದು ಒಂದೇ ಒಂದು ಜನರೇಟರ್. 6ನೇ ಘಟಕದ ಆ ಜನರೇಟರ್ ಎತ್ತರದಲ್ಲಿತ್ತು, ಅದಕ್ಕೆ ತಂಪು ಮಾಡಲು ಸಮುದ್ರದ ನೀರು ಬೇಡ, ಗಾಳಿಯೇ ಸಾಕಿತ್ತು. ಅದರಿಂದ ವಯರು ಎಳೆದು ಪಕ್ಕದ 5ನೇ ಘಟಕಕ್ಕೂ ಕರೆಂಟ್ ಕೊಟ್ಟರು, ತಾತ್ಕಾಲಿಕ ಪಂಪು ಇಳಿಸಿದರು. ಮಾರ್ಚ್ 20ರಂದು ಎರಡೂ ತಣ್ಣಗಾದವು.

ಒಂದೇ ಕಂಪನಿ, ಒಂದೇ ಅಂಗಳ, ಒಂದೇ ಅಲೆ. ಒಂದು ಕಡೆ ಹಾಳಾಯಿತು, ಇನ್ನೊಂದು ಕಡೆ ಉಳಿಯಿತು. ಉಳಿದದ್ದಕ್ಕೆ ಕಾರಣ ಎರಡು. ಮೊದಲೇ ನಿಂತಿದ್ದರಿಂದ ಶಾಖ ಇಳಿದು ಸಮಯ ಸಿಕ್ಕಿತು, ಇದು ಒಂದು. ಬೇರೆ ಜಾಗದಲ್ಲಿ ಬೇರೆ ರೀತಿಯ ಆಸರೆ ಇತ್ತು, ಇದು ಇನ್ನೊಂದು.

ಒಂದು ಇಲಿ, 2013

ಎರಡು ವರ್ಷದ ನಂತರ ಅದೇ ಫುಕುಶಿಮಾದಲ್ಲಿ, 2013ರ ಮಾರ್ಚ್ 18ರ ಸಂಜೆ ಕರೆಂಟ್ ಹೋಯಿತು. 1, 3 ಮತ್ತು 4ನೇ ಘಟಕಗಳ ಹಳೆಯ ಇಂಧನದ ಕೊಳಗಳನ್ನು ತಂಪು ಮಾಡುವ ನೀರಿನ ಸುತ್ತಾಟ ನಿಂತಿತು. ಎಲ್ಲ ಸರಿಯಾಗಲು ಒಂದು ದಿನಕ್ಕಿಂತ ಹೆಚ್ಚು, ಸುಮಾರು 29 ಗಂಟೆ ಹಿಡಿಯಿತು. ಹುಡುಕಿ ನೋಡಿದರೆ ಲಾರಿಯ ಮೇಲೆ ಇಟ್ಟಿದ್ದ ತಾತ್ಕಾಲಿಕ ಸ್ವಿಚ್‌ಬೋರ್ಡಿನ ಹತ್ತಿರ ಒಂದು ಇಲಿ ಸುಟ್ಟು ಸತ್ತು ಬಿದ್ದಿತ್ತು! ಅಪಘಾತವಾದಾಗ ಅವಸರದಲ್ಲಿ ಜೋಡಿಸಿದ್ದನ್ನು ಎರಡು ವರ್ಷವಾದರೂ ಹಾಗೇ ಬಿಟ್ಟಿದ್ದರು.

ಅನಾಹುತ ಆಗಲಿಲ್ಲ. ಯಾಕೆಂದರೆ ಇಂಧನ ಹಳೆಯದು, ಕೊಳದಲ್ಲಿ ನೀರು ಬೇಕಾದಷ್ಟಿತ್ತು. ಎಲ್ಲಕ್ಕಿಂತ ಬಿಸಿಯಾದ 4ನೇ ಕೊಳವೂ 65 ಡಿಗ್ರಿಯ ಗಡಿ ಮುಟ್ಟಲು ಕನಿಷ್ಠ ನಾಲ್ಕು ದಿನ ಬೇಕಿತ್ತು. ಅಂದ್ರೆ ನೀರಿನ ಹರಿವು ನಿಂತ ಕೂಡಲೇ ಸ್ಫೋಟ ಅಂತ ಅಲ್ಲ. ನಿಲ್ಲಿಸಿ ಎಷ್ಟು ದಿನವಾಯಿತು, ಎಷ್ಟು ನೀರಿದೆ, ರಿಪೇರಿಗೆ ಎಷ್ಟು ಹೊತ್ತು ಸಿಗುತ್ತದೆ, ಇವು ಮುಖ್ಯ. ಇಂಥ ಸುದ್ದಿ ಬಂದಾಗ ಮೊದಲು ಕೇಳಬೇಕಾದ್ದು ಇದನ್ನೇ.

ಝಪೊರಿಝಿಯಾ

ಈಗ ನಮ್ಮ ಸದಸ್ಯೆ ಕೇಳಿದ ಊರಿಗೆ ಬರೋಣ. ಉಕ್ರೇನಿನ ಝಪೊರಿಝಿಯಾದಲ್ಲಿ ಆರು ಘಟಕಗಳಿವೆ, ಒಂದೊಂದೂ ಸುಮಾರು 1,000 ಮೆಗಾವಾಟ್. ಯೂರೋಪಿನಲ್ಲೇ ದೊಡ್ಡದು. 2022ರ ಮಾರ್ಚ್‌ನಲ್ಲಿ ರಷ್ಯಾದ ಸೈನ್ಯ ಅದನ್ನು ವಶಪಡಿಸಿಕೊಂಡಿತು. ಆ ವರ್ಷದ ಸೆಪ್ಟೆಂಬರ್ ತಿಂಗಳಿನಿಂದ ಅಲ್ಲಿ ಮಾರಾಟಕ್ಕೆ ಕರೆಂಟ್ ತಯಾರಾಗುತ್ತಿಲ್ಲ.

2023ರ ಜೂನ್ 6ರಂದು ಅಲ್ಲಿಗೆ ನೀರು ಕೊಡುತ್ತಿದ್ದ ಕಖೋವ್ಕಾ ಅಣೆಕಟ್ಟು ಒಡೆಯಿತು, ಜಲಾಶಯ ಬರಿದಾಯಿತು. ಆಮೇಲೆ 11 ಕೊಳವೆಬಾವಿ ಕೊರೆದು ತಂಪು ಮಾಡುವ ಕೊಳಗಳನ್ನು ತುಂಬಿಸಿದರು. ಘಟಕಗಳು ನಡೆಯುತ್ತಿದ್ದಿದ್ದರೆ 11 ಬಾವಿ ಯಾತಕ್ಕೂ ಸಾಲುತ್ತಿರಲಿಲ್ಲ. ನಿಂತಿದ್ದಕ್ಕೆ ಸಾಕಾಯಿತು. 2025ರ ಸೆಪ್ಟೆಂಬರ್ 23ರಂದು ಹೊರಗಿನ ಕೊನೆಯ ಲೈನೂ ಹೋಯಿತು. ಯುದ್ಧ ಶುರುವಾದ ಮೇಲೆ ಹೀಗೆ ಪೂರ್ತಿ ಹೋದದ್ದು ಅದು ಹತ್ತನೇ ಸಲ. ಒಂದು ತಿಂಗಳು ಬರೀ ಡೀಸೆಲ್ ಜನರೇಟರುಗಳ ಮೇಲೆ ನಡೆಯಿತು. ಎರಡೂ ಕಡೆಯವರು ಆ ಜಾಗದಲ್ಲಿ ಗುಂಡಿನ ದಾಳಿ ನಿಲ್ಲಿಸಿ, ರಿಪೇರಿ ಮಾಡಿ, ಅಕ್ಟೋಬರ್ 23ರಂದು ಕರೆಂಟ್ ಬಂತು.

ಹಾಗಾದರೆ ನಮ್ಮ ಸದಸ್ಯೆಗೆ ಉತ್ತರ ಇದು: ಬಂದ್ ಮಾಡಿದ್ದರಿಂದ ಅಪಾಯ ತುಂಬಾ ಕಡಿಮೆಯಾಗಿದೆ, ಆದರೆ ಮುಗಿದಿಲ್ಲ. ಇನ್ನೂ ಒಂದು ಒಳ್ಳೆಯ ವಿಷಯ ಹೇಳಬೇಕು. ಥೈರಾಯ್ಡ್ ಗ್ರಂಥಿಗೆ ಹಾನಿ ಮಾಡುವ ವಿಕಿರಣ ಅಯೋಡಿನ್ ಪ್ರತಿ 8 ದಿನಕ್ಕೆ ಅರ್ಧವಾಗುತ್ತದೆ. 80 ದಿನದಲ್ಲಿ ಸಾವಿರದ ಒಂದು ಪಾಲಿಗೆ ಇಳಿಯುತ್ತದೆ. ಹೀಗಾಗಿ ವರ್ಷಗಳಿಂದ ನಿಂತ ಘಟಕದಲ್ಲಿ ಅದು ಉಳಿದೇ ಇಲ್ಲ ಅನ್ನಬಹುದು. ಆದರೆ ಸೀಸಿಯಂ ಎಂಬ ಇನ್ನೊಂದು ವಸ್ತು ಅರ್ಧವಾಗಲು 30 ವರ್ಷ ಬೇಕು. ಮಣ್ಣು, ಹಾಲು, ಅಣಬೆ ಇವುಗಳಲ್ಲಿ ಸೇರಿಕೊಳ್ಳುವುದು ಅದೇ.

ನಮ್ಮಲ್ಲಿ ಏನು ಬದಲಾಗಿದೆ?

ನರೋರಾದ ನಂತರ ನಮ್ಮ ದೇಶದ ಸ್ಥಾವರಗಳಲ್ಲಿ ವಯರುಗಳ ದಾರಿ ಬೇರೆ ಮಾಡುವುದು, ಬೆಂಕಿ ತಡೆ ಹಾಕುವುದು, ಟರ್ಬೈನ್ ಎಲೆಗಳನ್ನು ಸುಧಾರಿಸುವುದು ನಡೆಯಿತು. ಫುಕುಶಿಮಾದ ನಂತರ ಎಲ್ಲ ಸ್ಥಾವರಗಳ ತಪಾಸಣೆ ಮಾಡಿ, ಹೊರಗಿನಿಂದ ಅಗ್ನಿಶಾಮಕ ಗಾಡಿ ತಂದು ನೇರವಾಗಿ ನೀರು ಕೊಡಲು ಕೊಳವೆ ಜೋಡಿಸುವ ಜಾಗಗಳು, ಹೆಚ್ಚಿನ ಜನರೇಟರುಗಳು, ಭೂಕಂಪ ಆದರೆ ತಾನಾಗಿ ನಿಲ್ಲುವ ವ್ಯವಸ್ಥೆ, ಇವನ್ನು ಸೇರಿಸಿದರು. ಇದು ಒಳ್ಳೆಯದು. ಆದರೆ ಆಸರೆ ಇದೆ ಎನ್ನುವುದು ಬೇರೆ, ಬೇಕಾದಾಗ ಅದು ನಡೆಯುತ್ತದೆ ಎನ್ನುವುದು ಬೇರೆ. ಸಂಘದ ಲೆಕ್ಕದ ಪುಸ್ತಕ ಇದ್ದರೆ ಸಾಲದು, ಪ್ರತಿ ತಿಂಗಳು ತೆಗೆದು ನೋಡಬೇಕು ಅಂತ ನಾವೇ ಹೇಳುತ್ತೇವಲ್ಲ? ಅದೇ ಮಾತು.

ನಾವು ಏನು ಮಾಡಬಹುದು?

ವಾಲ್ವ್ ತಿರುಗಿಸುವುದು ನಮ್ಮ ಕೆಲಸ ಅಲ್ಲ. ಆದರೆ ಮನೆಯವರನ್ನು ನೋಡಿಕೊಳ್ಳುವುದು ನಮ್ಮದೇ. ಇದನ್ನು ಯಾಕೆ ಹೇಳ್ತೇನೆ ಅಂದ್ರೆ, ಫುಕುಶಿಮಾ ಪ್ರಾಂತ್ಯದಲ್ಲಿ ಭೂಕಂಪ, ಅಲೆಯಿಂದ ನೇರವಾಗಿ ಅಲ್ಲದೆ, ಆಮೇಲೆ ಊರು ಬಿಟ್ಟು ಅಲೆದಾಡಿದ ದಣಿವು, ಔಷಧಿ ಆರೈಕೆ ತಪ್ಪಿದ್ದು, ಮನಸ್ಸು ಕುಸಿದದ್ದು ಇಂಥ ಕಾರಣಗಳಿಂದ ಸತ್ತವರೆಂದು ಅಲ್ಲಿನ ಆಡಳಿತವೇ ಲೆಕ್ಕ ಹಾಕಿದವರು 2,300ಕ್ಕೂ ಹೆಚ್ಚು. ಹೆಚ್ಚಿನವರು ವಯಸ್ಸಾದವರು. ಹಾಸಿಗೆ ಹಿಡಿದ ಅಜ್ಜ ಅಜ್ಜಿಯರನ್ನು ಅವಸರದಲ್ಲಿ ಬಸ್ಸಿಗೆ ಹತ್ತಿಸಿ ಗಂಟೆಗಟ್ಟಲೆ ಸುತ್ತಿಸಿದರು. ವಿಕಿರಣಕ್ಕಿಂತ ಮೊದಲು ತಯಾರಿ ಇಲ್ಲದ್ದೇ ಅವರನ್ನು ಕೊಂದಿತು.

ಆದ್ದರಿಂದ ಸಂಘದ ಮಟ್ಟದಲ್ಲಿ ಇಷ್ಟು ಮಾಡೋಣ.

1. ಸ್ಥಾವರದ ಹೊರಗಿನ ತುರ್ತು ಯೋಜನೆ ಜಿಲ್ಲಾಡಳಿತದ ಜವಾಬ್ದಾರಿ. ಅಣಕು ಕಾರ್ಯಾಚರಣೆ ನಡೆಯುವಾಗ "ನಮಗೇನು" ಅಂತ ಮನೆಯಲ್ಲಿ ಕೂರಬೇಡಿ. ಹೋಗಿ ನೋಡಿ. ನಮ್ಮ ಊರಿನವರು ಎಲ್ಲಿ ಸೇರಬೇಕು, ಬಸ್ಸು ಎಲ್ಲಿಗೆ ಬರುತ್ತದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

2. ಪ್ರತಿ ಸಂಘವೂ ಒಂದು ಪಟ್ಟಿ ಮಾಡಲಿ. ನಡೆಯಲಾಗದವರು, ಗರ್ಭಿಣಿಯರು, ಬಾಣಂತಿಯರು, ಚಿಕ್ಕ ಮಕ್ಕಳು, ದಿನಾ ಮಾತ್ರೆ ತಗೊಳ್ಳುವವರು ಯಾವ ಮನೆಯಲ್ಲಿ ಇದ್ದಾರೆ? ಯಾರು ಯಾರನ್ನು ನೋಡಿಕೊಳ್ಳಬೇಕು? ಈ ಪಟ್ಟಿ ನೆರೆ ಬಂದರೂ, ಗುಡ್ಡ ಕುಸಿದರೂ ಉಪಯೋಗಕ್ಕೆ ಬರುತ್ತದೆ.

3. ಸೂಚನೆ ಬಂದರೆ ಮೊದಲು ಮನೆಯೊಳಗೆ ಹೋಗಿ, ಬಾಗಿಲು ಕಿಟಕಿ ಮುಚ್ಚಿ, ರೇಡಿಯೋ ಅಥವಾ ಟಿ.ವಿ. ಹಾಕಿ. ಬಾವಿಯ ಬಾಯಿ, ನೀರಿನ ಪಾತ್ರೆ ಮುಚ್ಚಿ. ಅಂಗಳದಲ್ಲಿ ಒಣಗಿಸಿದ ಆಹಾರ ಬಳಸಬೇಡಿ. ಸಾಧ್ಯವಾದರೆ ದನಗಳನ್ನು ಕೊಟ್ಟಿಗೆಯೊಳಗೆ ಕಟ್ಟಿ ಹಳೆಯ ಹುಲ್ಲು ಹಾಕಿ. ಹೊರಡಿ ಅಂದಾಗ ಹೊರಡಿ, ಮೊದಲೇ ಓಡಬೇಡಿ.

4. ಅಯೋಡಿನ್ ಮಾತ್ರೆಯನ್ನು ಆರೋಗ್ಯ ಇಲಾಖೆಯವರು ಹೇಳಿದಾಗ ಮಾತ್ರ, ಹೇಳಿದಷ್ಟೇ ತಗೊಳ್ಳಬೇಕು. ಅದು ಥೈರಾಯ್ಡಿಗೆ ಮಾತ್ರ ರಕ್ಷಣೆ, ಎಲ್ಲ ವಿಕಿರಣಕ್ಕೂ ಮದ್ದಲ್ಲ. ಗಾಯಕ್ಕೆ ಹಚ್ಚುವ ಟಿಂಚರ್ ಕುಡಿಯುವುದು, ಉಪ್ಪು ಜಾಸ್ತಿ ತಿನ್ನುವುದು, ಇವು ಅಪಾಯ.

5. ಫೋನಿನಲ್ಲಿ ಬಂದ ಸುದ್ದಿಯನ್ನು ವಿಚಾರಿಸದೆ ಮುಂದಕ್ಕೆ ಕಳಿಸಬೇಡಿ.

ಕೊನೆಯದಾಗಿ, ಗ್ರಾಮಸಭೆಗೆ ಅಧಿಕಾರಿಗಳು ಬಂದಾಗ ಈ ಮೂರು ಪ್ರಶ್ನೆ ಧೈರ್ಯವಾಗಿ ಕೇಳಿ: "ಹೊರಗಿನ ಕರೆಂಟ್, ಜನರೇಟರ್ ಎರಡೂ ಇಲ್ಲದಿದ್ದರೆ ನೀರು ಕೊಡುವ ಮೂರನೇ ದಾರಿ ಯಾವುದು? ಅದನ್ನು ಕೊನೆಯ ಸಲ ನಡೆಸಿ ನೋಡಿದ್ದು ಯಾವಾಗ? ನಮ್ಮ ಊರಿನ ಹಾಸಿಗೆ ಹಿಡಿದವರನ್ನು ಯಾವ ಗಾಡಿಯಲ್ಲಿ, ಎಲ್ಲಿಗೆ ಕರೆದುಕೊಂಡು ಹೋಗ್ತೀರಿ?" ಇದು ವಿರೋಧದ ಮಾತಲ್ಲ, ಜವಾಬ್ದಾರಿಯ ಮಾತು. ಪ್ರಾಮಾಣಿಕವಾಗಿ ಕೆಲಸ ಮಾಡುವ ಅಧಿಕಾರಿಗೆ ಇದರಿಂದ ಬೇಸರ ಆಗುವುದಿಲ್ಲ.

ಮುಂದಿನ ವಾರದ ಸಭೆಯಲ್ಲಿ ಓದು ಬರುವ ಸದಸ್ಯೆಯರು ಇದನ್ನು ಉಳಿದವರಿಗೆ ಓದಿ ಹೇಳಿ. ಎರಡನೇ ಅಂಶದ ಪಟ್ಟಿಯನ್ನು ಅದೇ ದಿನ ಶುರುಮಾಡಿ, ಸಂಘದ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಒಕ್ಕೂಟದ ಸಭೆಗೆ ಬರುವಾಗ ತನ್ನಿ, ಒಟ್ಟಿಗೆ ಕೂತು ನೋಡೋಣ.